ನಡುರಾತ್ರಿಯೋ, ಮುಂಜಾವೋ, ಕಾಲ್ನಡಿಗೆಯೋ: ಮುಂಬಯಿಯ ಬೀದಿ ತಿಂಡಿಗೆ ಸೈಕಲ್ ಹತ್ತುವ ಮುನ್ನ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಭಾನುವಾರ ಬೆಳಗಿನ ಸವಾರಿಗೆ. ದಕ್ಷಿಣ ಮುಂಬಯಿಯ ಬೀದಿ ತಿಂಡಿಯನ್ನು ಗೈಡ್ ಜೊತೆ ಸುತ್ತಿ ತಿನ್ನಲು ಮೂರು ದಾರಿ: ನಡುರಾತ್ರಿ ಕೊಲಾಬಾದಿಂದ ಹೊರಡುವ ಸೈಕಲ್ ಗುಂಪು, ಬೆಳಿಗ್ಗೆ ಆರಕ್ಕೆ ಅಲ್ಲಿಂದಲೇ ಹೊರಡುವ ಸೈಕಲ್ ಗುಂಪು, ಸಂಜೆಯ ಕಾಲ್ನಡಿಗೆ. ಮೂರನ್ನೂ ದುಡ್ಡು ಕೊಟ್ಟು ನೋಡಿದ್ದಾಗಿದೆ. ರಾತ್ರಿಯದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ, ಎರಡೂ ಅರ್ಥದಲ್ಲಿ.

ಎಷ್ಟು ಕಿಲೋಮೀಟರ್, ಎಷ್ಟು ಗೇರು, ಹೆಲ್ಮೆಟ್ ಕೊಡುತ್ತಾರೋ ಇಲ್ಲವೋ, ಇದೆಲ್ಲ ಜಾಹೀರಾತಿನಲ್ಲೇ ಸಿಗುತ್ತದೆ. ಸಿಗದೇ ಇರುವುದು ಒಂದೇ: ಆ ಸೈಕಲ್ಲಿಗೆ ಸ್ಟ್ಯಾಂಡ್ ಇದೆಯೇ?

ನಗಬೇಡಿ. ಬಾಡಿಗೆಗೆ ಕೊಡುವ ಗೇರ್ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಸ್ಟ್ಯಾಂಡ್ ಇರುವುದಿಲ್ಲ. ಗುಡ್ಡ ಹತ್ತುವ ಮಾದರಿಯವು ಕಾರ್ಖಾನೆಯಿಂದ ಬರುವಾಗಲೇ ಬರಿಗಾಲಲ್ಲಿ ಬರುತ್ತವೆ. ಆಮೇಲೆ ಕೂರಿಸಿದ ಸೈಡ್ ಸ್ಟ್ಯಾಂಡಿನ ಬೋಲ್ಟು ನಮ್ಮ ಪೇವರ್ ಬ್ಲಾಕ್ ರಸ್ತೆಗಳ ಕುಲುಕಾಟಕ್ಕೆ ಸಡಿಲವಾಗಿ ಎಲ್ಲೋ ಉದುರಿ ಹೋಗುತ್ತದೆ. ಮತ್ತೆ ಹಾಕಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಬರೀ ಸೈಕಲ್ ತುಳಿಯಲು ಹೋದವರಿಗೆ ಇದರಿಂದ ನಷ್ಟವಿಲ್ಲ. ಅರ್ಧ ಗಂಟೆಗೊಮ್ಮೆ ಇಳಿದು ತಿನ್ನುವವರಿಗೆ ಇದೇ ದೊಡ್ಡ ಪೀಕಲಾಟ.

ಗಾಡಿಯ ಮುಂದೆ ನಿಂತಾಗ ಒಂದು ಕೈ ಹ್ಯಾಂಡಲ್ಲಿಗೇ ಮೀಸಲು. ವಡಾಪಾವ್ ಆದರೆ ಪರವಾಗಿಲ್ಲ, ಲೋಕಲ್ ರೈಲು ಹಿಡಿಯುತ್ತಾ ತಿನ್ನುವ ಊರಲ್ಲಿ ಹುಟ್ಟಿದ ಒಂಟಿಗೈ ತಿಂಡಿ ಅದು. ಪಾನಿಪುರಿಗೆ ಎರಡು ಕೈ ಬೇಕು, ದೊನ್ನೆ ಎಡಗೈಗೆ, ಪುರಿ ಬಲಗೈಗೆ. ಪಾವ್‌ಭಾಜಿಗೂ ಎರಡು ಕೈ. ಮೊಳಕೆಕಾಳಿನ ಖಾರದ ರಸಕ್ಕೆ ಪಾವ್ ಅದ್ದಿ ತಿನ್ನುವ ಮಿಸಳ್‌ಗಂತೂ ಮೇಜೇ ಬೇಕು. ಸೊಂಟಕ್ಕೆ ಸೀಟು ಒರಗಿಸಿಕೊಂಡು ತಿನ್ನಲು ಹೋದರೆ ಮುಂದಿನ ಚಕ್ರ ತಾನಾಗಿಯೇ ತಿರುಗಿ ಪಕ್ಕದವರ ತಟ್ಟೆಗೆ ಹ್ಯಾಂಡಲ್ ಬಡಿಯುತ್ತದೆ.

ಗೋಡೆಗೆ ಒರಗಿಸಿದರಾಯಿತಲ್ಲ ಎನ್ನಬಹುದು. ಮೊದಲನೆಯದು ಗೋಡೆಗೆ, ಎರಡನೆಯದು ಮೊದಲನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ. ನಾಲ್ಕನೆಯದರ ಪೆಡಲ್ ಮೂರನೆಯದರ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಐದನೆಯವರು ತಮ್ಮದನ್ನು ಎಳೆದ ಕೂಡಲೇ ಇಡೀ ಸಾಲು ಇಸ್ಪೀಟಿನ ಮನೆಯಂತೆ ಉರುಳುತ್ತದೆ. ಬಲಮಗ್ಗುಲಿಗೆ ಬಿದ್ದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಒಳಕ್ಕೆ ಬಾಗುತ್ತದೆ. ಆಗ ಏರಿನಲ್ಲಿ ಹಗುರ ಗೇರಿಗೆ ಹಾಕಿದ ಕೂಡಲೇ ಅದು ಕಡ್ಡಿಗೆ ತಗುಲಿ ಚಕ್ರವೇ ನಿಂತೀತು.

ಇದಕ್ಕೆ ಪರಿಹಾರ ಜೇಬಿನಲ್ಲಿ ಹಿಡಿಸುತ್ತದೆ. ಒಂದು ಗಟ್ಟಿ ರಬ್ಬರ್ ಬ್ಯಾಂಡನ್ನು ಮುಂದಿನ ಬ್ರೇಕಿನ ಲಿವರ್ ಮತ್ತು ಹ್ಯಾಂಡಲ್ ಹಿಡಿಗೆ ಸೇರಿಸಿ ಎರಡು ಸುತ್ತು ಹಾಕಿ. ಬ್ರೇಕ್ ಹಿಡಿದೇ ಇರುವುದರಿಂದ ಮುಂದಿನ ಚಕ್ರ ಉರುಳುವುದಿಲ್ಲ, ಸೈಕಲ್ ಜಾರುವುದಿಲ್ಲ. ಒರಗಿಸುವಾಗ ಹ್ಯಾಂಡಲ್ಲನ್ನಲ್ಲ, ಹಿಂದಿನ ಚಕ್ರವನ್ನೋ ಸೀಟನ್ನೋ ಗೋಡೆಗೆ ತಾಗಿಸಿ. ಗೋಡೆ ಸಿಗದಿದ್ದರೆ ಎರಡು ಸೈಕಲ್ಲುಗಳನ್ನು ಎದುರುಬದುರು ದಿಕ್ಕಿಗೆ ನಿಲ್ಲಿಸಿ, ಒಂದರ ಹ್ಯಾಂಡಲ್ ಇನ್ನೊಂದರ ಸೀಟಿಗೆ ಆತುಕೊಳ್ಳುವಂತೆ ಇಟ್ಟು ಕೇಬಲ್ ಲಾಕ್ ಬಿಗಿಯಿರಿ. ನೆಲಕ್ಕೇ ಮಲಗಿಸುವುದಾದರೆ ಚೈನ್ ಇರುವ ಬಲಮಗ್ಗುಲು ಮೇಲಿರಲಿ.

ಮುಂಜಾವು ಗೆಲ್ಲುವುದು ಇಲ್ಲೇ. ಭಾನುವಾರ ಏಳು ಗಂಟೆಗೆ ಧೋಬಿ ತಲಾವ್, ಕಾಲ್ಬಾದೇವಿ ಕಡೆ ಮುಕ್ಕಾಲು ಪಾಲು ಶಟರ್ ಕೆಳಗಿರುತ್ತವೆ, ಫುಟ್‌ಪಾತ್ ಖಾಲಿ. ಆರೇಳು ಸೈಕಲ್ಲುಗಳನ್ನು ಬಿಡಿಬಿಡಿಯಾಗಿ ಒರಗಿಸಿ, ಕಣ್ಣಳತೆಯಲ್ಲೇ ಇಟ್ಟುಕೊಂಡು, ಎರಡೂ ಕೈಯಲ್ಲಿ ತಿನ್ನಬಹುದು. ರಾತ್ರಿ ಒಂದು ಗಂಟೆಗೆ ತಾಜ್ ಹೋಟೆಲಿನ ಹಿಂದಿನ ಬೀದಿಯಲ್ಲಿ, ಕಬಾಬಿಗೆ ಜನ ಮುತ್ತಿರುವಾಗ, ಕಾರುಗಳೇ ಎರಡು ಸಾಲು. ಅಲ್ಲಿ ಗುಂಪಿನಲ್ಲಿ ಅರ್ಧ ಜನ ತಿನ್ನಬೇಕು, ಅರ್ಧ ಜನ ಸೈಕಲ್ ಕಾಯಬೇಕು. ಪಾಳಿ ಬದಲಾಗುವಷ್ಟರಲ್ಲಿ ರೋಲು ತಣ್ಣಗೆ.

ಈ ಊರಲ್ಲಿ ಬೀದಿ ತಿಂಡಿಗೆ ಹೇಳಿ ಮಾಡಿಸಿದ ಸೈಕಲ್ ಯಾವುದೆಂದು ನೋಡಬೇಕಿದ್ದರೆ ಬೆಳಿಗ್ಗೆ ಹಾರ್ನ್ ಒತ್ತುತ್ತಾ ಬರುವ ಇಡ್ಲಿ ಅಣ್ಣನದನ್ನು ನೋಡಿ. ಕರಿ ಬಣ್ಣದ ಭಾರದ ಸೈಕಲ್, ಗೇರ್ ಇಲ್ಲ. ಹಿಂದೆ ಅಲ್ಯೂಮಿನಿಯಂ ಪಾತ್ರೆ ತುಂಬ ಇಡ್ಲಿ, ಮೇಲೆ ಬಟ್ಟೆ, ಹ್ಯಾಂಡಲ್ಲಿಗೆ ತೂಗಿದ ಚಟ್ನಿ ಡಬ್ಬಿ. ಅವರು ನಿಲ್ಲಿಸುವುದು ಡಬಲ್ ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರ ನೆಲ ಬಿಟ್ಟು ಎರಡು ಬೆರಳು ಮೇಲಕ್ಕೆ. ಅಷ್ಟು ಭಾರ ಹೊತ್ತೂ ಒಂದಿಷ್ಟು ಅಲುಗದು. ನಮ್ಮ ಇಪ್ಪತ್ತೊಂದು ಗೇರಿನ ಸೈಕಲ್ ಅದರ ಪಕ್ಕದಲ್ಲಿ ಗೋಡೆ ಹುಡುಕುತ್ತಿರುತ್ತದೆ.

ಇನ್ನು ತಿಂಡಿ. ಬೆಳಗಿನ ಸುತ್ತು ಸಸೂನ್ ಡಾಕ್ ಎದುರಿನ ಕಟಿಂಗ್‌ನಿಂದ, ಅಂದರೆ ಅರ್ಧ ಲೋಟ ಚಹಾದಿಂದ, ಶುರು. 1875ರ ಈ ಬಂದರಿನ ಬಾಗಿಲಲ್ಲಿ ಮೀನಿನ ನೀರು ರಸ್ತೆಗೆ ಹರಿದಿರುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ, ಹಿಂದಿನದನ್ನೇ ಮೆಲ್ಲಗೆ ಹಿಡಿಯಿರಿ. ಧೋಬಿ ತಲಾವ್‌ನಲ್ಲಿ 1904ರ ಇರಾನಿ ಕೆಫೆ ಕಯಾನಿಯ ಬನ್ ಮಸ್ಕಾ, ಬೆಣ್ಣೆ ಹಚ್ಚಿದ ಬನ್ನು. ಗಟ್ಟಿ ಸಿಪ್ಪೆಯ ಬ್ರುನ್ ಪಾವ್ ಬೇಕಿದ್ದರೆ ಚಹಾದಲ್ಲಿ ಅದ್ದಿಯೇ ತಿನ್ನಬೇಕು, ಇಲ್ಲವಾದರೆ ಅಂಗುಳು ಗೀರುತ್ತದೆ. ಭುಲೇಶ್ವರದ ಕಡೆ ಗುಜರಾತಿಗಳ ಭಾನುವಾರದ ಫಾಫಡಾ (ಕಡಲೆಹಿಟ್ಟಿನ ಗರಿಗರಿ ಪಟ್ಟಿ)–ಜಲೇಬಿ, ಜೊತೆಗೆ ಹಸಿ ಪಪ್ಪಾಯಿಯ ಪಲ್ಯದಂಥ ಸಂಭಾರೊ, ಕರಿದ ಮೆಣಸಿನಕಾಯಿ. ಇಷ್ಟಕ್ಕೇ ಮುಗಿಸಿ ಚೌಪಾಟಿ ಕಡಲತೀರ, ಮರೀನ್ ಡ್ರೈವ್ ಕಡೆ ತಿರುಗುವವರೂ ಇದ್ದಾರೆ. ಒಳ್ಳೆಯ ಗೈಡ್ ಆದರೆ ಠಾಕುರ್‌ದ್ವಾರದ ಕಡೆ ಮಿಸಳ್ ತಿನ್ನಿಸದೆ ಬಿಡುವುದಿಲ್ಲ.

ತಿನ್ನುವ ಕ್ರಮ ಇದೇ ಇರಲಿ. ಮಿಸಳಿನ ಮೇಲೆ ತೇಲುವ ಎಣ್ಣೆಯ ತರ್ರಿ ಮೊದಲೇ ಹೊಟ್ಟೆ ಸೇರಿ, ಆಮೇಲೆ ಮುಂದಕ್ಕೆ ಬಾಗಿ ಪೆಡಲ್ ತುಳಿದರೆ ಅದು ಎದೆಗೇ ವಾಪಸ್ಸು ಬರುತ್ತದೆ. ಮಿಸಳ್ ಆದ ಮೇಲೆ ಮಲಬಾರ್ ಹಿಲ್ ಹತ್ತಿಸುವ ಸುತ್ತಾದರೆ, ಮಿಸಳನ್ನಾದರೂ ಬಿಡಿ, ಬೆಟ್ಟವನ್ನಾದರೂ ಬಿಡಿ. ರಾತ್ರಿಯ ತೊಂದರೆಯೂ ಇದೇ: ಆ ಹೊತ್ತಲ್ಲಿ ಸಿಗುವುದೆಲ್ಲ ಭಾರದ್ದು, ಕಬಾಬು, ಮೊಟ್ಟೆ–ಖೀಮಾದ ಬೈದಾ ರೋಟಿ, ಬೆಣ್ಣೆ ತೇಲುವ ಪಾವ್‌ಭಾಜಿ. ಬೆಣ್ಣೆ ಕೈ ಬ್ರೇಕ್ ಲಿವರಿನ ಮೇಲೆ ನಿಲ್ಲುವುದೂ ಇಲ್ಲ. ಕೊಡುವ ತೆಳು ಕಾಗದದಿಂದ ಏನೂ ಆಗದು, ಹಳೆಯ ಹತ್ತಿ ಬಟ್ಟೆಯ ತುಂಡು ಇಟ್ಟುಕೊಳ್ಳಿ. ಇಷ್ಟೆಲ್ಲ ಆಗಿ ಚೌಪಾಟಿ ತಲುಪುವಾಗ ಭೇಲ್ ಅಂಗಡಿಗಳು ದೀಪ ಆರಿಸಿರುತ್ತವೆ.

ರಾತ್ರಿಗೂ ಒಂದು ಮಾತು ಹೇಳಲೇಬೇಕು: ಖಾಲಿ ಮರೀನ್ ಡ್ರೈವ್. ಸುಮಾರು ಮೂರೂವರೆ ಕಿಲೋಮೀಟರ್, ತಂಪು ಗಾಳಿ, ಸಿಗ್ನಲ್ ಕಾಟವಿಲ್ಲ. ತುಳಿಯುವ ಸುಖಕ್ಕೇ ಹೋಗುವವರು ಇದನ್ನೇ ಆರಿಸಲಿ. ಎಡಬದಿ ಬಿಡಬೇಡಿ, ನಡುವಿನ ಸಾಲು ಕೋಸ್ಟಲ್ ರೋಡಿನ ಸುರಂಗಕ್ಕೆ ಒಯ್ಯುತ್ತದೆ, ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ರಂಜಾನಿನಲ್ಲಿ ಮಿನಾರಾ ಮಸೀದಿ ಗಲ್ಲಿಯ ಮಾಲ್ಪುವಾ, ಮಣ್ಣಿನ ಬಟ್ಟಲಿನ ಫಿರ್ನಿ ರಾತ್ರಿಯಲ್ಲೇ ಚೆಂದ, ಆದರೆ ಆ ಜನಜಂಗುಳಿಯಲ್ಲಿ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಅದಕ್ಕೆ ನಡೆದು ಹೋಗುವುದೇ ಸರಿ.

ಕಾಲ್ನಡಿಗೆ ಹೊಟ್ಟೆಬಾಕರದ್ದು. ಝವೇರಿ ಬಜಾರಿನ ಖಾವ್ ಗಲ್ಲಿಯಲ್ಲಿ, ತಿಂಡಿಗಾಡಿಗಳ ಆ ಓಣಿಯಲ್ಲಿ, ಸೈಕಲ್ ನುಗ್ಗುವುದೇ ಇಲ್ಲ. ಕೈ ಎರಡೂ ಖಾಲಿ, ತುಳಿಯುವ ಚಿಂತೆ ಇಲ್ಲ. ನೋಡುವ ಊರು ಮಾತ್ರ ಎರಡು ಕಿಲೋಮೀಟರಿನೊಳಗೆ.

ಹೊರಡುವ ಮುನ್ನ ಎರಡು ಪರೀಕ್ಷೆ. ಲಿವರ್ ಒತ್ತಿದಾಗ ಹ್ಯಾಂಡಲ್ಲಿಗೇ ಅಂಟಿಕೊಂಡರೆ ಆ ಸೈಕಲ್ ಬೇಡ. ಸೀಟನ್ನು ಪುಸ್ತಕದ ಲೆಕ್ಕದಂತೆ, ಹಿಮ್ಮಡಿ ಕೆಳಪೆಡಲಿನ ಮೇಲಿಟ್ಟಾಗ ಕಾಲು ನೇರ ಆಗುವಷ್ಟು ಎತ್ತರಿಸಿ, ಆಮೇಲೆ ಒಂದು ಇಂಚು ಇಳಿಸಿ. ಮೀಟರಿಗೊಮ್ಮೆ ನಿಲ್ಲುವ ಊರಿದು, ಪಾದ ನೆಲಕ್ಕೆ ಸಿಗಬೇಕು.

ಖರ್ಚಿನ ಮಾತು. ನಾನು ಹೋದ ಸವಾರಿಗಳ ಟಿಕೆಟ್ಟಿನಲ್ಲಿ ತಿಂಡಿ ಸೇರಿರಲಿಲ್ಲ. ಬೆಳಗಿನ ತಿಂಡಿಗೆ 300 ರೂಪಾಯಿ ಚಿಲ್ಲರೆ ಧಾರಾಳ. ರಾತ್ರಿಯ ಮಾಂಸದೂಟಕ್ಕೆ ಅದು ಸಾಲದು, ಮೇಲೆ ಟ್ಯಾಕ್ಸಿ. ಲೋಕಲ್‌ಗಳು ಒಂದರ ಸುಮಾರಿಗೆ ನಿಂತರೆ ಮತ್ತೆ ಓಡುವುದು ನಾಲ್ಕರ ಆಸುಪಾಸಿನಲ್ಲಿ. ದೂರದ ಡೊಂಬಿವಲಿಯವರು, ಮೀರಾ ರೋಡಿನವರು ಈ ಲೆಕ್ಕ ಮೊದಲು ಹಾಕಲಿ. ಹತ್ತು ಗಂಟೆಗೆ ಮಲಗಿ ಐದಕ್ಕೆ ಏಳುವ, ಮಾಂಸ ತಿನ್ನದ ನನ್ನಂಥವರಿಗೆ ರಾತ್ರಿಯ ಟಿಕೆಟ್ ದಂಡ.

ಬೆಳಗಿನವರು ಒಂಬತ್ತೂವರೆಯೊಳಗೆ ಸೈಕಲ್ ಒಪ್ಪಿಸಿ ಸಿಎಸ್‌ಎಂಟಿ ನಿಲ್ದಾಣದಲ್ಲಿ ಸ್ಲೋ ಲೋಕಲ್ ಹಿಡಿಯಿರಿ. ಹಳಿ ದುರಸ್ತಿಗೆಂದು ರೈಲು ತಡೆಯುವ ಭಾನುವಾರದ ಮೆಗಾ ಬ್ಲಾಕ್ ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗುತ್ತದೆ. ಮಾಟುಂಗಾದಲ್ಲಿ ಇಳಿದರೆ ರಾಮಾಶ್ರಯ ಹೋಟೆಲಿನ ಅನಾನಸ್ ಶಿರಾ. ಸರದಿ ಉದ್ದ ಇರುತ್ತದೆ, ಆದರೆ ಕಾಯುವಾಗ ಕೈಯಲ್ಲಿ ಹ್ಯಾಂಡಲ್ ಇರುವುದಿಲ್ಲ.