ಮೇಡ್ ಇನ್ ಜಪಾನ್: ಕ್ಯಾಸೆಟ್ಟಿನಿಂದ ಸ್ಟ್ರೀಮಿಂಗ್‌ವರೆಗೆ ಕೇಳಿದವನ ವಿಮರ್ಶೆ

ರಾಕ್ ಗುಂಪು ಡೀಪ್ ಪರ್ಪಲ್ ಕೇಳುವುದನ್ನು ಎಲ್ಲಿಂದ ಶುರು ಮಾಡಲಿ ಅಂತ ಆಫೀಸಿನ ಹುಡುಗರು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: ಅವರ ಲೈವ್ ಆಲ್ಬಂ ‘ಮೇಡ್ ಇನ್ ಜಪಾನ್’. ಸ್ಟುಡಿಯೊ ಆಲ್ಬಂ ‘ಮಷೀನ್ ಹೆಡ್’ ಅಲ್ಲವಾ ಸಾರ್ ಅಂತ ಹುಬ್ಬೇರಿಸುತ್ತಾರೆ. ಅದು ಆಮೇಲೆ. ಇವರು ಸ್ಟುಡಿಯೊದಲ್ಲಿ ಕಟ್ಟಿದ ಹಾಡನ್ನು ವೇದಿಕೆಯ ಮೇಲೆ ಬಿಚ್ಚಿ ಹರಡುವ ಜನ. ಹರಡಿದ್ದನ್ನು ಮೊದಲು ಕೇಳಿದರೆ ಕಟ್ಟಿದ್ದರ ಬೆಲೆ ತಾನಾಗಿ ತಿಳಿಯುತ್ತದೆ.

ಗುಂಪು ಹುಟ್ಟಿದ್ದು 1968ರಲ್ಲಿ, ಇಂಗ್ಲೆಂಡಿನಲ್ಲಿ. ಮರುವರ್ಷ ಗಾಯಕ ಇಯಾನ್ ಗಿಲನ್, ಬಾಸ್ ನುಡಿಸುವ ರೋಜರ್ ಗ್ಲೋವರ್ ಬಂದ ಮೇಲೆ ಚಹರೆಯೇ ಬದಲಾಯಿತು. ಗಿಟಾರಿಗೆ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ನಿಗೆ ಜಾನ್ ಲಾರ್ಡ್, ಡ್ರಮ್ಸಿಗೆ ಇಯಾನ್ ಪೇಸ್. ಆಮೇಲೆ ಎಷ್ಟೋ ಜನ ಬಂದರು, ಹೋದರು. ಮೊದಲಿನಿಂದ ಇಂದಿನವರೆಗೂ ಕದಲದೆ ಕೂತಿರುವುದು ಪೇಸ್ ಒಬ್ಬರೇ.

ಆಲ್ಬಂ ಹುಟ್ಟಿದ್ದು ಮೂರು ಕಚೇರಿಗಳಿಂದ: 1972ರ ಆಗಸ್ಟ್ 15, 16ರಂದು ಒಸಾಕಾ, 17ರಂದು ಟೋಕಿಯೊದ ಬುಡೋಕಾನ್ ಸಭಾಂಗಣ. ಲೈವ್ ಆಲ್ಬಂ ಮಾಡುವ ಉತ್ಸಾಹ ಬ್ಯಾಂಡಿಗೇ ಇರಲಿಲ್ಲ, ಬೇಕಾಗಿದ್ದದ್ದು ಜಪಾನಿನ ರೆಕಾರ್ಡ್ ಕಂಪನಿಗೆ. ಧ್ವನಿಮುದ್ರಣ ಮಾಡಿದವರು ಮಾರ್ಟಿನ್ ಬರ್ಚ್. ಆಲ್ಬಂನ ಬಹುಪಾಲು ಒಸಾಕಾದ ಎರಡನೇ ರಾತ್ರಿಯದು. ಟೋಕಿಯೊದಿಂದ ಬಂದದ್ದು ‘ದಿ ಮ್ಯೂಲ್’ ಮತ್ತು ‘ಲೇಜಿ’ ಮಾತ್ರ. ‘ಸ್ಮೋಕ್ ಆನ್ ದಿ ವಾಟರ್’ ಮೊದಲನೇ ರಾತ್ರಿಯದು. ಬ್ರಿಗೇಡ್ ರೋಡಿನ ಆಸುಪಾಸಿನ ಪಬ್ಬುಗಳಲ್ಲಿ ಕೇಳಿ ಕೇಳಿ ಸವೆದುಹೋದ ಅದರ ರಿಫ್ಫನ್ನು, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕನ್ನು, ಬ್ಲ್ಯಾಕ್‌ಮೋರ್ ಇಲ್ಲಿ ಶುರುವಿನಲ್ಲೇ ಒಂಚೂರು ಕೊಂಕಿಸಿ ಚೇಷ್ಟೆ ಮಾಡುತ್ತಾರೆ. ನನಗೆ ಆ ಹಾಡು ಇನ್ನೂ ಸಹ್ಯವಾಗಿರುವುದು ಈ ಒಂದು ಕಾರಣಕ್ಕೆ.

‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಗಿಟಾರ್ ಒಂದು ತುಣುಕು ನುಡಿಸುತ್ತದೆ, ಗಿಲನ್ ಅದನ್ನೇ ಗಂಟಲಲ್ಲಿ ತಿರುಗಿಸಿ ಕೊಡುತ್ತಾರೆ. ತುಣುಕು ಕಿರಿದಾಗುತ್ತಾ, ಸ್ವರ ಏರುತ್ತಾ ಹೋಗಿ ಕೊನೆಗೆ ಕಿರುಚಾಟ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ತನಿ ಆವರ್ತನಕ್ಕೆ ಕಾದು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೃದಂಗ, ಘಟ ಸರದಿಯ ಮೇಲೆ ಪಾಲು ಕಿರಿದು ಮಾಡಿಕೊಂಡು ಒಂದೆಡೆ ಸೇರುವ ಹಾಗೆಯೇ ಇದು. ವ್ಯತ್ಯಾಸ ಅಂದರೆ ಇಲ್ಲಿ ತಾಳ ಹಾಕುವ ಮಾಮ ಪಕ್ಕದಲ್ಲಿಲ್ಲ. ಇಪ್ಪತ್ತು ನಿಮಿಷದ ‘ಸ್ಪೇಸ್ ಟ್ರಕಿನ್’’ ಬಗ್ಗೆ ಮಾತ್ರ ನನ್ನ ತಕರಾರಿದೆ: ನಡುವೆ ಎಲ್ಲೋ ದಾರಿ ತಪ್ಪುತ್ತದೆ. ಲಾರ್ಡ್ ಆರ್ಗನ್ನನ್ನು ಗಿಟಾರಿನ ಆ್ಯಂಪ್ಲಿಫೈಯರಿಗೆ ಸಿಕ್ಕಿಸಿ ಎಬ್ಬಿಸುವ ಆ ಒರಟು ಸದ್ದಿಗಾಗಿ ಸಹಿಸಿಕೊಳ್ಳುತ್ತೇನೆ.

ಈಗ ಯಾವ ಪ್ರತಿ ಕೊಳ್ಳಬೇಕು ಅನ್ನುವ ಮಾತು. ಎರಡು ಎಲ್‌ಪಿಯ ಸರಕನ್ನು ಒಂದೇ ಕ್ಯಾಸೆಟ್ಟಿಗೆ ತುಂಬಿದ್ದನ್ನು ನಾನು ವರ್ಷಗಟ್ಟಲೆ ಕೇಳಿದೆ. ಟೇಪು ಎಳೆದು ಎಳೆದು ‘ಚೈಲ್ಡ್ ಇನ್ ಟೈಮ್’ ಅರ್ಧ ಸ್ವರ ಕೆಳಗಿಳಿದಿತ್ತು. ಈಗ ಮನೆಯಲ್ಲಿರುವುದು 1998ರಲ್ಲಿ ಬಂದ ಎರಡು ಸಿಡಿಯ ರಿಮಾಸ್ಟರ್, ಅಂದರೆ ಹಳೇ ಮುದ್ರಣದ ಸದ್ದನ್ನು ತಿದ್ದಿ ತೀಡಿದ್ದು. ಎರಡನೇ ಸಿಡಿಯಲ್ಲಿ ಕೊನೆಗೆ ನುಡಿಸಿದ ‘ಬ್ಲ್ಯಾಕ್ ನೈಟ್’, ‘ಸ್ಪೀಡ್ ಕಿಂಗ್’, ‘ಲೂಸಿಲ್’ ಇವೆ. ಸಿಕ್ಕರೆ ಇದನ್ನೇ ತಗೊಳ್ಳಿ. ಮೂರೂ ರಾತ್ರಿಗಳ ಹುಚ್ಚು ಹತ್ತಿದವರಿಗೆ 1993ರ ಮೂರು ಸಿಡಿಯ ‘ಲೈವ್ ಇನ್ ಜಪಾನ್’ ಇದೆ. ಹಳೇ ಎಲ್‌ಪಿ ಕೊಳ್ಳುವುದಾದರೆ ಬೆಳಕಿಗೆ ಹಿಡಿದು ನೋಡಿ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ತಟ್ಟೆಗೆ ಬೂಷ್ಟು ಹಿಡಿದಿದ್ದರೆ ಎಷ್ಟು ಒರೆಸಿದರೂ ಚಿಟಪಟ ಹೋಗುವುದಿಲ್ಲ.

ಸ್ಟ್ರೀಮಿಂಗ್ ಅನುಕೂಲವೇ, ಆದರೆ ನಾನು ಬಳಸುವ ಆ್ಯಪ್ ಒಂದು ಹಾಡಿಂದ ಇನ್ನೊಂದಕ್ಕೆ ಹೋಗುವಾಗ ಚಪ್ಪಾಳೆಯನ್ನು ಕತ್ತರಿಸಿ ಅರೆಕ್ಷಣ ಮೌನ ತುಂಬುತ್ತದೆ. ಲೈವ್ ಆಲ್ಬಂಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಸೆಟ್ಟಿಂಗ್ಸಿನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಇನ್ನೊಂದರ ಶುರುವಿಗೆ ಬೆರೆಸುವುದು) ಆಫ್ ಮಾಡಿ.

‘ಮಷೀನ್ ಹೆಡ್’ಗೆ ಆಮೇಲೆ ಬನ್ನಿ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್‌ಲೆಂಡಿನ ಮಾಂಟ್ರೋದಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಕಾರ್ಯಕ್ರಮ ನಡೆಯುತ್ತಿದ್ದಾಗ ಕ್ಯಾಸಿನೊ ಸುಟ್ಟುಹೋಯಿತು. ಆಲ್ಬಂ ಮಾಡಲು ಇವರು ಗೊತ್ತು ಮಾಡಿಕೊಂಡಿದ್ದ ಜಾಗ ಅದೇ. ಕೊನೆಗೆ ಚಳಿಗಾಲಕ್ಕೆ ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ, ಹಾಸಿಗೆಗಳನ್ನು ಅಡ್ಡ ನಿಲ್ಲಿಸಿಕೊಂಡು ನುಡಿಸಿದರು. ರೆಕಾರ್ಡಿಂಗ್ ಯಂತ್ರವಿದ್ದದ್ದು ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್‌ನವರ ಟ್ರಕ್ಕಿನಲ್ಲಿ. ಅಲ್ಲಿಗೆ ಹೋಗಲು ರೂಮು, ಬಾಲ್ಕನಿ ಎಲ್ಲ ದಾಟಬೇಕಾಗಿದ್ದರಿಂದ ನುಡಿಸಿದ್ದನ್ನು ಹೋಗಿ ಕೇಳುವ ಗೋಜನ್ನೇ ಬಿಟ್ಟರಂತೆ. ಆ ಬಿಗಿ ಹಾಡುಗಳಲ್ಲಿದೆ. 1997ರ ಆವೃತ್ತಿಯಲ್ಲಿ ಗ್ಲೋವರ್ ಮಾಡಿದ ಹೊಸ ಮಿಕ್ಸ್ (ಧ್ವನಿ, ವಾದ್ಯಗಳನ್ನು ಹೊಸದಾಗಿ ಹದಗೊಳಿಸಿ ಬೆರೆಸಿದ್ದು) ಮತ್ತು ಹಳೆಯದರ ರಿಮಾಸ್ಟರ್ ಎರಡೂ ಇವೆ. ನನಗೆ ಹಳೆಯದೇ ಸಾಕು. 2024ರ ದುಬಾರಿ ಪೆಟ್ಟಿಗೆಗೆ ಹೊಸ ಮಿಕ್ಸ್ ಮಾಡಿದವರು ಡ್ವೀಜಿಲ್ ಜಪ್ಪಾ, ಅದೇ ಫ್ರಾಂಕ್ ಜಪ್ಪಾ ಅವರ ಮಗ. ಕೇಳಲು ಒಳ್ಳೇ ಕಥೆ. ಆ ಕಥೆಗಾಗಿ ಪೆಟ್ಟಿಗೆ ಕೊಳ್ಳಬೇಡಿ.

ಉಳಿದದ್ದರಲ್ಲಿ ‘ಇನ್ ರಾಕ್’ (1970) ಖಂಡಿತ ಬೇಕು. ‘ಬರ್ನ್’ (1974) ಗಾಯಕ ಬದಲಾದರೂ ಗಟ್ಟಿ. 1976ರಲ್ಲಿ ಮುರಿದ ಗುಂಪು ಮತ್ತೆ ಸೇರಿ ಮಾಡಿದ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ (1984) ಇವತ್ತಿಗೂ ಹಳಸಿಲ್ಲ. ಬ್ಲ್ಯಾಕ್‌ಮೋರ್ ಇಲ್ಲದ ಪರ್ಪಲ್ ಪರ್ಪಲ್ಲೇ ಅಲ್ಲ ಅನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಗಿಟಾರಿಗೆ ಸ್ಟೀವ್ ಮೋರ್ಸ್ ಬಂದ ಮೇಲಿನ ‘ಪರ್ಪೆಂಡಿಕ್ಯುಲರ್’ (1996) ಹಾಕುತ್ತೇನೆ, ಅಷ್ಟೇ. 2020ರ ‘ವೂಶ್’ ಒಂದೆರಡು ಸಲ ಕೇಳಲು ಅಡ್ಡಿಯಿಲ್ಲ, ದುಡ್ಡು ಕೊಟ್ಟು ಎಲ್‌ಪಿ ತರುವಂಥದ್ದಲ್ಲ.