ಬಾಗಿಲಿನ ಬೀಗ, ಗಿಟಾರ್ ಚೂರು, ಗಂಟೆ ಸದ್ದು: ಮೂರು ಟೆಕ್ನೋ ಆಲ್ಬಮ್‌ಗಳು

ಟೆಕ್ನೋ ಅಂದರೆ ಒಂದೇ ಸಮನೆ ಬಡಿಯುವ ಬೀಟ್‌ನ ಎಲೆಕ್ಟ್ರಾನಿಕ್ ಕುಣಿತದ ಸಂಗೀತ. ಮೆಲೋಡಿ ಇರುವ ಟೆಕ್ನೋದಲ್ಲಿ ನಾನು ಹುಡುಕುವುದು ಸದ್ದಿನ ಮೈಯನ್ನು. ರಾಗ ಎರಡು ಸಲ ಕೇಳಿದರೆ ಬಾಯಿಗೆ ಬಂದುಬಿಡುತ್ತದೆ. ಸದ್ದು ನುಣ್ಣಗಿದೆಯಾ, ತರಿತರಿಯಾಗಿದೆಯಾ ಅನ್ನುವುದು ಮಾತ್ರ ಹತ್ತನೇ ಸಲಕ್ಕೂ ಹೊಸದಾಗಿ ಸಿಗುತ್ತದೆ. ಹಾಗಾಗಿ ಮೂರು ಆಲ್ಬಮ್‌ಗಳನ್ನು ಒಂದು ವಾರ ಒಂದೇ ಹೆಡ್‌ಫೋನ್‌ನಲ್ಲಿ ಕೇಳಿ ನೋಡಿದೆ.

ಇಂಗ್ಲೆಂಡಿನ ಸಂಗೀತಗಾರ ಜಾನ್ ಹಾಪ್ಕಿನ್ಸ್ ಅವರ 'ಇಮ್ಯುನಿಟಿ' (2013) ಶುರುವಾಗುವುದೇ ಬೀಗ ತೆಗೆಯುವ ಸದ್ದಿನಿಂದ. ಅದು ಅವರ ಸ್ಟುಡಿಯೋ ಬಾಗಿಲು. ಮೊದಲ ರಾತ್ರಿ ನಾನು ಹೆಡ್‌ಫೋನ್ ತೆಗೆದು ನಮ್ಮ ಮನೆ ಬಾಗಿಲನ್ನೇ ನೋಡಿದ್ದೆ! ಹೆಜ್ಜೆ ಸಪ್ಪಳದ ಬೆನ್ನಿಗೇ ಬೀಟ್ ಬರುತ್ತದೆ. ಅದೂ ಚೊಕ್ಕವಾಗಿಲ್ಲ, ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ ಕರಕರ ಅನ್ನುತ್ತದೆ. ಮೊದಲರ್ಧ ಕುಣಿಸುತ್ತದೆ, ಆಮೇಲೆ ನಿಧಾನಕ್ಕೆ ಪಿಯಾನೋ ಕಡೆ ಇಳಿಯುತ್ತದೆ. ಸುಮಾರು ಹತ್ತು ನಿಮಿಷದ ಕೊನೆಯ ಹಾಡಿನಲ್ಲಿ ಹಿಂದೆ ಏನೋ ಕಿರ್ ಕಿರ್ ಅನ್ನುತ್ತಲೇ ಇರುತ್ತದೆ. ನಾಲ್ಕನೇ ದಿನದವರೆಗೂ ನನ್ನ ಕುರ್ಚಿಯದೇ ಸದ್ದು ಅಂದುಕೊಂಡಿದ್ದೆ.

ಸ್ವೀಡನ್ನಿನ ಆಕ್ಸೆಲ್ ವಿಲ್ನರ್ 'ದಿ ಫೀಲ್ಡ್' ಹೆಸರಲ್ಲಿ 2007ರಲ್ಲಿ ತಂದ 'ಫ್ರಮ್ ಹಿಯರ್ ವಿ ಗೋ ಸಬ್ಲೈಮ್' ಇದಕ್ಕೆ ಪೂರ್ತಿ ಉಲ್ಟಾ. ಹಳೆ ಹಾಡುಗಳ ಚೂರು ತೆಗೆದು ಮತ್ತೆ ಮತ್ತೆ ಸುತ್ತಿಸುತ್ತಾರೆ. ಸುಮ್ನೆ ಕೂತು ಕೇಳಿದರೆ ಬೇಜಾರು, ನಿಜ ಹೇಳಬೇಕಲ್ವಾ. ಕೆಲಸ ಮಾಡುತ್ತಾ ಕೇಳಿದರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. 'ಎ ಪಾ ಇನ್ ಮೈ ಫೇಸ್' ಹಾಡಿನಲ್ಲಿ ಒಂದೇ ಗಿಟಾರ್ ತುಣುಕು ನಿಮಿಷಗಟ್ಟಲೆ ಗಿರಕಿ ಹೊಡೆಯುತ್ತದೆ. ಕೊನೆಗೆ ಲೂಪ್ ಬಿಚ್ಚಿಕೊಂಡಾಗ ಅದು ಅಮೆರಿಕದ ಗಾಯಕ ಲಯೊನೆಲ್ ರಿಚಿಯ ಹಳೆ ಪ್ರೇಮಗೀತೆ 'ಹಲೋ' ಅಂತ ಗೊತ್ತಾಗಿ ಜೋರಾಗಿ ನಕ್ಕುಬಿಟ್ಟೆ.

ಜರ್ಮನಿಯ ಸಂಗೀತಗಾರ ಪಂಥಾ ಡು ಪ್ರಿನ್ಸ್ ಅವರ 'ಬ್ಲ್ಯಾಕ್ ನಾಯ್ಸ್' (2010) ಆಲ್ಬಮ್‌ಗೆ ಸ್ವಿಸ್ ಆಲ್ಪ್ಸ್‌ನಲ್ಲಿ ಹಿಡಿದ ಸದ್ದುಗಳನ್ನು ಬಳಸಿದ್ದಾರೆ. ಗಂಟೆಗಳ ಕಿಣಿಕಿಣಿ ತುಂಬಾ ಚೆಂದ. ಆದರೆ ಅರ್ಧ ದಾಟಿದ ಮೇಲೆ ನನಗೆ ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಸಿಗಲಿಲ್ಲ.

ಕೊನೆಯ ದಿನ ಮೂರನ್ನೂ ಫೋನಿನ ಸ್ಪೀಕರ್‌ನಲ್ಲಿ ಹಾಕಿದೆ. 'ಇಮ್ಯುನಿಟಿ'ಯ ಕರಕರ, ಕಿರ್ ಕಿರ್ ಎಲ್ಲ ಮಾಯ, ಉಳಿದದ್ದು ಬರೀ ಟಪ್ ಟಪ್. ಗಂಟೆಗಳು ತಗಡು ಬಡಿದಂತಾದವು. 'ದಿ ಫೀಲ್ಡ್' ಮಾತ್ರ ಜಗ್ಗಲಿಲ್ಲ. ಆದರೂ ರಾತ್ರಿ ಹೆಡ್‌ಫೋನ್ ಹಾಕಿಕೊಂಡಾಗ ನನ್ನ ಕೈ ಹೋಗುವುದು ಆ ಬಾಗಿಲಿನ ಕಡೆಗೇ.