ಕೋಟಿ ಹಾಡು ಬೇಡ, ಇಡೀ ಆಲ್ಬಮ್ ಸಾಕು: ಸಂಗೀತದ ಆ್ಯಪ್ ಒಂದರ ದೀರ್ಘ ಬಳಕೆಯ ವಿಮರ್ಶೆ

ಬಳಸಿದ್ದು: ತಿಂಗಳಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಚಂದಾ ಕಟ್ಟುವ ಸಂಗೀತದ ಆ್ಯಪ್. ಬಳಸಿದ ಜಾಗ: ಕುಮಟಾ–ಶಿರಸಿ ಬಸ್ಸು, ಶಿರಸಿ ಕಡೆಯ ಹಳ್ಳಿಮನೆ, ಕುಮಟಾದ ಬಾಡಿಗೆ ಕೋಣೆ. ಕೇಳಿದ್ದು: ಹೆಚ್ಚಿನಂಶ ನಾನು ಹುಟ್ಟುವ ಮೊದಲೇ ಬಂದ, ಜಗತ್ತೆಲ್ಲ ಹೊಗಳಿ ಮುಗಿಸಿದ ಆಲ್ಬಮ್‌ಗಳು. ಆ್ಯಪ್‌ನ ಹೆಸರು ಬರೆಯುವುದಿಲ್ಲ. ಮುಂದೆ ಬೈಯುವ ಮಾತುಗಳೂ ಇವೆ, ಅವು ಸ್ನೇಹಿತರ ಮೊಬೈಲುಗಳಲ್ಲಿರುವ ಬೇರೆ ಆ್ಯಪ್‌ಗಳಿಗೂ ಅಷ್ಟೇ ಸಲ್ಲುತ್ತವೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಜಾಹೀರಾತಿನಲ್ಲಿ ಕೂಗುವ ಕೋಟಿಗಟ್ಟಲೆ ಹಾಡುಗಳಿಂದ ನನಗೆ ಆದ ಉಪಯೋಗ ಅತ್ಯಲ್ಪ. ಒಂದು ಆಲ್ಬಮ್ಮನ್ನು ಪೂರ್ತಿಯಾಗಿ, ಅದನ್ನು ಮಾಡಿದವರು ಇಟ್ಟ ಕ್ರಮದಲ್ಲಿ, ಮಧ್ಯೆ ಜಾಹೀರಾತಿಲ್ಲದೆ ಕೇಳಬಹುದು ಎಂಬ ಒಂದೇ ಸೌಲಭ್ಯಕ್ಕಾಗಿ ನಾನು ಚಂದಾ ಕಟ್ಟುತ್ತಿದ್ದೇನೆ. ವಿಚಿತ್ರವೆಂದರೆ ಆ್ಯಪ್‌ನ ವಿನ್ಯಾಸ ಇರುವುದೇ ಹಾಗೆ ಕೇಳದಂತೆ ತಡೆಯಲು. ತೆರೆದ ಕೂಡಲೇ ‘ನಿಮಗಾಗಿ’ ಎಂಬ ಪಟ್ಟಿ, ಆಲ್ಬಮ್ ಒತ್ತಿದರೆ ಹಾಡುಗಳ ಕ್ರಮ ಕಲಸಿಹಾಕುವ ಶಫಲ್, ಆಲ್ಬಮ್ ಮುಗಿದರೆ ಉಸಿರಾಡಲೂ ಬಿಡದೆ ಅದರಂಥದ್ದೇ ಇನ್ನೊಂದು ಹಾಡು.

ನನಗೆ ಪೂರ್ತಿ ಆಲ್ಬಮ್ ಕೇಳುವ ರೂಢಿ ಹತ್ತಿಸಿದ್ದು ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟ. ಕತಗಾಲ ದಾಟಿ ಬಸ್ಸು ಏರತೊಡಗಿದರೆ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ನೇರವಾಗಿ ಅಂತರ್ಜಾಲದಿಂದ ಕೇಳುವವನಿಗೆ ಹಾಡು ಯಾವ ತಿರುವಿನಲ್ಲಿ ನಿಲ್ಲುತ್ತದೆಂದು ಗೊತ್ತಿಲ್ಲ. ಹಾಗಾಗಿ ಕುಮಟಾದಲ್ಲಿಯೇ ಡೌನ್‌ಲೋಡ್ ಮಾಡಿಕೊಂಡು ಹೊರಡಬೇಕು. ಸೆಕೆಂಡಿಗೆ 320 ಕಿಲೊಬಿಟ್ ಗುಣಮಟ್ಟದಲ್ಲಿ 45 ನಿಮಿಷದ ಆಲ್ಬಮ್ ಸುಮಾರು 108 ಎಂಬಿ ಆಗುತ್ತದೆ. ಧ್ವನಿಯ ಯಾವ ಅಂಶವೂ ನಷ್ಟವಾಗದ (ಲಾಸ್‌ಲೆಸ್) ಗುಣಮಟ್ಟ ಬೇಕೆಂದರೆ ಅದರ ಎರಡು ಮೂರು ಪಟ್ಟು. ನನ್ನ ಹಳೆಯ ಮೊಬೈಲಿನಲ್ಲಿ ತೋಟದ ಫೋಟೊ, ಕಚೇರಿಯ ಕಡತ ಕಳೆದು ಉಳಿಯುವ ಜಾಗದಲ್ಲಿ ಬೆರಳೆಣಿಕೆಯ ಆಲ್ಬಮ್‌ಗಳಷ್ಟೇ ಹಿಡಿಯುತ್ತಿದ್ದವು. ಬೇಜಾರಾದರೆ ಬದಲಿಸಲು ಬೇರೇನೂ ಇಲ್ಲ. ಮೊದಲ ಸಲ ತಲೆಗೆ ಹೋಗದ್ದನ್ನು ಮರುವಾರವೂ ಕೇಳಲೇಬೇಕು. ಊರಿನಲ್ಲಿ ಒಳ್ಳೆಯ ನೆಟ್‌ವರ್ಕ್ ಇದ್ದಿದ್ದರೆ ಈಗ ನನಗೆ ಪ್ರಿಯವಾದ ಅರ್ಧದಷ್ಟು ಸಂಗೀತವನ್ನು ಎರಡನೇ ನಿಮಿಷಕ್ಕೇ ದಾಟಿಸಿಬಿಡುತ್ತಿದ್ದೆ.

ಏನು ಕೇಳಬೇಕೆಂದು ಆರಿಸಿದ್ದು ‘ಸಾರ್ವಕಾಲಿಕ ಶ್ರೇಷ್ಠ’ ಪಟ್ಟಿಗಳಿಂದ. ಅವುಗಳನ್ನು ಪಂಚಾಂಗದಂತೆ ನಂಬಬೇಕಾಗಿಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಮಾಡಿದ 500 ಆಲ್ಬಮ್‌ಗಳ ಪಟ್ಟಿಯಲ್ಲಿ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಮೊದಲನೆಯದು. 2020ರಲ್ಲಿ ಅದೇ ಪತ್ರಿಕೆ ಮತ್ತೆ ಪಟ್ಟಿ ಮಾಡಿದಾಗ ಅದು 24ಕ್ಕೆ ಇಳಿದು, ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಮೊದಲ ಸ್ಥಾನಕ್ಕೆ ಬಂತು. ಎರಡನ್ನೂ ಕೇಳಿದ ಮೇಲೆ ಹೇಳುವುದಾದರೆ, ಎರಡನೆಯ ಪಟ್ಟಿಯೇ ಸರಿ.

ನನ್ನನ್ನು ಪೂರ್ತಿ ಸೋಲಿಸಿದ್ದು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಳೆಯ ಚರ್ಚ್ ಕಟ್ಟಡವೊಂದರಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ, ಎರಡೇ ದಿನಗಳಲ್ಲಿ ಮುದ್ರಣಗೊಂಡ ಆಲ್ಬಮ್. ಜಾಝ್ ಎಂದರೆ ಐಷಾರಾಮಿ ಹೋಟೆಲಿನ ಲಿಫ್ಟಿನಲ್ಲಿ ಕೇಳಿಸುವ ಸದ್ದು ಎಂದುಕೊಂಡವನು ನಾನು. ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಇದು ಹತ್ತಿದ್ದಕ್ಕೆ ಒಂದು ಕಾರಣವಿದೆ. ಅದುವರೆಗಿನ ಜಾಝ್‌ನಲ್ಲಿ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು (ಕಾರ್ಡ್) ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದವು. ನುಡಿಸುವವನು ಅವುಗಳ ಹಿಂದೆ ಓಡಬೇಕು. ಇಲ್ಲಿ ಡೇವಿಸ್ ತಮ್ಮ ಸಂಗಡಿಗರಿಗೆ ಕೊಟ್ಟದ್ದು ಹೆಚ್ಚುಕಡಿಮೆ ಬರೀ ಸ್ವರಶ್ರೇಣಿಗಳನ್ನು. ಅದರೊಳಗೆ ಬೇಕಾದಷ್ಟು ಹೊತ್ತು ತಿರುಗಾಡಿ ಎಂದರು.

ಮೊದಲ ರಚನೆ ‘ಸೋ ವಾಟ್’. ಮನೆಯ ಹಾರ್ಮೋನಿಯಂ ಮುಂದೆ ಕೂತು ಹುಡುಕಿದರೆ ಬಿಳಿ ಎರಡರಿಂದ, ಅಂದರೆ ಎರಡನೇ ಬಿಳಿ ಮನೆಯನ್ನು ಷಡ್ಜವಾಗಿಸಿ ಹಿಡಿದ ಕಾಫಿ ಥಾಟ್ ಎಂಬ ನಮ್ಮ ಸ್ವರಶ್ರೇಣಿ! ಗಾಂಧಾರ, ನಿಷಾದ ಎರಡೂ ಕೋಮಲ. ಹದಿನಾರು ಆವರ್ತ ಅಲ್ಲಿಯೇ ನಡೆದು, ಮುಂದಿನ ಎಂಟು ಆವರ್ತಕ್ಕೆ ಇಡೀ ಶ್ರೇಣಿ ಅರ್ಧ ಸ್ವರ ಮೇಲೆ, ಕಪ್ಪು ಎರಡಕ್ಕೆ ಹೋಗುತ್ತದೆ. ಮತ್ತೆ ಎಂಟು ಆವರ್ತಕ್ಕೆ ಕೆಳಗೆ. ಹಾಡುತ್ತ ಹಾಡುತ್ತ ಷಡ್ಜವನ್ನೇ ಎತ್ತಿ ಬೇರೆಡೆ ಇಡುವುದು ನಮ್ಮಲ್ಲಿ ಯಾವ ಗುರುವೂ ಒಪ್ಪದ ಕೆಲಸ. ಮೊದಲೆರಡು ಸಲ ನನಗೂ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಆಮೇಲೆ ಆ ಏರಿಕೆಗಾಗಿಯೇ ಕಾಯತೊಡಗಿದೆ. ಕೊನೆಯ ‘ಫ್ಲಮೆಂಕೊ ಸ್ಕೆಚಸ್’ನಲ್ಲಿ ಐದು ಸ್ವರಶ್ರೇಣಿಗಳು ಸಾಲಾಗಿ ಬರುತ್ತವೆ. ಒಂದರಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಮುಂದಿನದಕ್ಕೆ ದಾಟಬೇಕು ಎನ್ನುವುದು ನುಡಿಸುವವರ ಇಷ್ಟ. ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೊಫೋನ್ ಒಂದು ಶ್ರೇಣಿಯಿಂದ ಇನ್ನೊಂದಕ್ಕೆ ಕಾಲಿಡುವ ಜಾಗ ಕೇಳಿದರೆ, ಹಿಂದೂಸ್ತಾನಿಯ ನಿಧಾನಗತಿಯ ಬಡಾ ಖ್ಯಾಲಿನಲ್ಲಿ ಗಾಯಕ ಮೇಲಿನ ಷಡ್ಜಕ್ಕೆ ಹೋಗುವ ಮುನ್ನ ನಿಷಾದದಲ್ಲಿ ತಡೆದು ನಿಲ್ಲುವುದು ನೆನಪಾಗದೆ ಇರದು.

ಈ ಆಲ್ಬಮ್ ಕೇಳುವವರಿಗೆ ಎರಡು ಸೂಚನೆ. ಒಂದು, ಮೂಲದಲ್ಲಿ ಇರುವುದು ಐದೇ ರಚನೆ, ಸುಮಾರು 45 ನಿಮಿಷ. ಆ್ಯಪ್‌ನಲ್ಲಿ ಆರನೆಯದಾಗಿ ‘ಫ್ಲಮೆಂಕೊ ಸ್ಕೆಚಸ್’ ಇನ್ನೊಮ್ಮೆ ಬಂದರೆ ಅದು ಮರುಮುದ್ರಣದಲ್ಲಿ ಸೇರಿಸಿದ, ಬೇರೊಮ್ಮೆ ನುಡಿಸಿದ ಟೇಕ್; ಮೊದಲ ಸಲ ಐದಕ್ಕೇ ನಿಲ್ಲಿಸಿ. ಎರಡು, ಮಾರ್ಚ್ ತಿಂಗಳ ಮುದ್ರಣದ ದಿನ ಟೇಪ್ ಯಂತ್ರ ತುಸು ನಿಧಾನ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ, ದಶಕಗಳ ಕಾಲ ಎಲ್‌ಪಿ ತಟ್ಟೆಯ ಮೊದಲ ಬದಿಯ ಮೂರು ರಚನೆಗಳು ನಿಜವಾದ ಶ್ರುತಿಗಿಂತ ಮೇಲೆಯೇ ಕೇಳಿಸುತ್ತಿದ್ದವು. 1992ರ ಮರುಮುದ್ರಣದಲ್ಲಿ ಇದನ್ನು ಸರಿಪಡಿಸಲಾಯಿತು. ಯಾರಾದರೂ ಹಳೆಯ ಎಲ್‌ಪಿಯೇ ಅಸಲಿ ಎಂದು ವಾದಿಸಲು ಬಂದರೆ ಹಾರ್ಮೋನಿಯಂ ತರಿಸಿ.

‘ಕಾಲ್ ಆಫ್ ದಿ ವ್ಯಾಲಿ’ ನಮ್ಮದೇ ದೇಶದ್ದು, ಆದರೂ ನಾನು ತಡವಾಗಿ ಕೇಳಿದೆ. 1967ರದು. ಶಿವಕುಮಾರ್ ಶರ್ಮಾ ಅವರ ಸಂತೂರ್, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಮಾಣಿಕ್‌ರಾವ್ ಪೋಪಟ್ಕರ್ ಅವರ ತಬಲಾ. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಅಹಿರ್ ಭೈರವ್, ನಟ್ ಭೈರವ್‌ಗಳ ಬೆಳಗಿನಿಂದ ಹಿಡಿದು ಪೀಲೂ, ಭೂಪ್, ದೇಸ್, ಪಹಾಡಿಗಳ ಮೂಲಕ ರಾತ್ರಿಯವರೆಗೆ ನಡೆಸುತ್ತಾರೆ. ಇದನ್ನು ಶಫಲ್‌ನಲ್ಲಿ ಕೇಳಿಸುವ ಆ್ಯಪ್‌ಗೆ ಏನೆನ್ನಬೇಕು? ತಾಳಮದ್ದಳೆಯಲ್ಲಿ ವಾಲಿವಧೆ ಮುಗಿಸಿ ಆಮೇಲೆ ಸುಗ್ರೀವನ ಸಖ್ಯ ಹೇಳಿದ ಹಾಗೆ. ಮೊದಲು ಪಹಾಡಿ ಬಂತು, ನಡುವೆ ಬೆಳಗಾಯಿತು, ಕುರಿಗಾಹಿ ಮನೆ ಸೇರಲೇ ಇಲ್ಲ.

ಹೊತ್ತುಗೊತ್ತು ನೋಡಿ ರಾಗ ಕೇಳುವವರ ಮನೆ ನಮ್ಮದು. ಸಂಜೆಯ ಬಸ್ಸಿನಲ್ಲಿ ಅಹಿರ್ ಭೈರವ್ ಕೇಳುವುದು ನನಗೆ ಕೂಡಿಬರಲಿಲ್ಲ. ಸೋಮವಾರ ನಸುಕಿನಲ್ಲಿ ಶಿರಸಿಯಿಂದ ಇಳಿಯುವ ಬಸ್ಸಿಗೆ ಅದನ್ನು ಎತ್ತಿಟ್ಟೆ. ಮೂಲ ಆಲ್ಬಮ್ ಮುಗಿಯುವಷ್ಟರಲ್ಲಿ ಘಟ್ಟದ ದಾರಿಯ ನಡುವೆ ಇರುತ್ತೇವೆ. ಇದರಲ್ಲೂ ಮರುಮುದ್ರಣದ ಹೆಚ್ಚುವರಿ ರಚನೆಗಳು ಬಾಲದಂತೆ ಅಂಟಿಕೊಂಡಿವೆ. ಪಹಾಡಿ ಮುಗಿದ ಮೇಲೆ ಬರುವುದು ಆ ಕುರಿಗಾಹಿಯ ದಿನದ್ದಲ್ಲ.

ಚಳಿಗಾಲದಲ್ಲಿ ಅಡಿಕೆ ಸುಲಿತದ ರಾತ್ರಿಗಳಲ್ಲಿ ಇದನ್ನೇ ಸಣ್ಣ ಸ್ಪೀಕರಿಗೆ ಜೋಡಿಸಿ ಜಗಲಿಯಲ್ಲಿ ಹಾಕಿದೆ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಸಾಮಾನ್ಯವಾಗಿ ತಾಳಮದ್ದಳೆಯ ಧ್ವನಿಮುದ್ರಣವೇ ಆಗಬೇಕು. ಅಪ್ಪಯ್ಯ ಒಂದೆರಡು ಅಡಿಕೆ ಸುಲಿದು, “ಭೂಪ್ ಇದು. ಹಾಡುವವರು ಯಾವಾಗ ಬರುತ್ತಾರೆ?” ಎಂದು ಕೇಳಿದರು. ಬರುವುದಿಲ್ಲ ಎಂದೆ. “ಹಾಗಾದರೆ ಅಡ್ಡಿಯಿಲ್ಲ, ಇರಲಿ” ಎಂದರು. ನಮ್ಮ ಮನೆಯ ಮಟ್ಟಿಗೆ ಇದು ದೊಡ್ಡ ಪ್ರಶಸ್ತಿ.

ಅದೇ ಧೈರ್ಯದಲ್ಲಿ ಮರುದಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಹಾಕಿದ್ದು ಅತಿಯಾಯಿತು. 1973ರ ಈ ಆಲ್ಬಮ್ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲಿ ಮುಗಿಯುತ್ತದೆ. ‘ಟೈಮ್’ ಎಂಬ ಹಾಡಿನ ಮೊದಲಿಗೆ ಹತ್ತಾರು ಗಡಿಯಾರಗಳು ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಧ್ವನಿಮುದ್ರಣದ ಎಂಜಿನಿಯರ್ ಅಲನ್ ಪಾರ್ಸನ್ಸ್ ಅವುಗಳನ್ನು ಗಡಿಯಾರದ ಅಂಗಡಿಯಲ್ಲಿ ಒಂದೊಂದಾಗಿ ಮುದ್ರಿಸಿಕೊಂಡು ಬಂದು ಜೋಡಿಸಿದ್ದು. ಒಳಗೆ ಮಲಗಿದ್ದ ಆಯಿ ಎದ್ದು ಬಂದು, “ಯಾರು ಮಾರಾಯ ಈ ಹೊತ್ತಿಗೆ ಅಲಾರಂ ಇಟ್ಟವರು?” ಎಂದರು. ಅಲ್ಲಿಗೆ ಸ್ಪೀಕರ್ ಮತ್ತೆ ತಾಳಮದ್ದಳೆಗೆ ಹೋಯಿತು. ನನಗೆ ಮಾತ್ರ ಈ ಆಲ್ಬಮ್‌ನಲ್ಲಿ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಬಿಟ್ಟರೆ ಬೇರೆ ಕಾಣುವುದಿಲ್ಲ. ಕ್ಲೇರ್ ಟೋರಿ ಎಂಬ ಗಾಯಕಿ ಪದವೇ ಇಲ್ಲದೆ ಬರೀ ಅಕಾರದಲ್ಲಿ ಹಾಡಿದ್ದಾರೆ. ಆ ಭಾನುವಾರದ ಕೆಲಸಕ್ಕೆ ಅವರಿಗೆ ಸಿಕ್ಕಿದ್ದು 30 ಪೌಂಡ್. ರಚನೆಯಲ್ಲಿ ತನ್ನ ಪಾಲೂ ಇದೆ ಎಂದು ಅವರು 2004ರಲ್ಲಿ ದಾವೆ ಹೂಡಿದರು. ಮರುವರ್ಷ ರಾಜಿಯಾಗಿ, ಈಗ ರಚನಕಾರರ ಸಾಲಿನಲ್ಲಿ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ಜೊತೆ ಅವರ ಹೆಸರೂ ಇದೆ.

ಈ ಆಲ್ಬಮ್ ಆ್ಯಪ್‌ಗೆ ಒಳ್ಳೆಯ ಪರೀಕ್ಷೆಯೂ ಹೌದು. ಹಾಡುಗಳು ಒಂದರೊಳಗೊಂದು ಕರಗಿ ಸಾಗುತ್ತವೆ. ನಡುವೆ ಕ್ಷಣದ ತಡೆ ಬಂದರೂ ಎದ್ದು ಕಾಣುತ್ತದೆ. ನನ್ನ ಆ್ಯಪ್ ಮೊದಲು ಹಾಡಿನ ನಡುವೆ ತೊದಲುತ್ತಿತ್ತು, ಅಂತರವಿಲ್ಲದೆ ನುಡಿಸುವ ಆಯ್ಕೆ ಹಾಕಿದ ಮೇಲೆ ಸರಿಯಾಯಿತು. ‘ಕ್ರಾಸ್‌ಫೇಡ್’ ಎಂಬುದನ್ನು ಮಾತ್ರ ಖಂಡಿತ ಬಂದ್ ಮಾಡಿಡಿ. ಅದು ಒಂದರ ಕೊನೆಯ ಮೇಲೆ ಇನ್ನೊಂದರ ಮೊದಲನ್ನು ಹೇರುತ್ತದೆ.

ಬೀಟಲ್ಸ್ ತಂಡದ 1969ರ ‘ಆಬಿ ರೋಡ್’ಗೂ ಇದೇ ಮಾತು. ಎರಡನೇ ಬದಿಯಲ್ಲಿ ತುಂಡು ತುಂಡು ಹಾಡುಗಳನ್ನು ಹೊಲಿದು ಮಾಡಿದ ಮಾಲೆಯಿದೆ. ಬಿಡಿಬಿಡಿಯಾಗಿ ಅವು ಏನೂ ಅಲ್ಲ. ಮೊದಲ ಬದಿಯ ಕೊನೆಯ ಹಾಡು ಏರುತ್ತ ಏರುತ್ತ ಹೋಗಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಡೌನ್‌ಲೋಡ್ ಅರ್ಧಕ್ಕೇ ನಿಂತಿದೆ ಎಂದುಕೊಳ್ಳಬೇಡಿ, ಅದು ಇರುವುದೇ ಹಾಗೆ. ಎಲ್‌ಪಿ ಕಾಲದವರು ಆಗ ಎದ್ದು ತಟ್ಟೆ ಮಗುಚಿ ಹಾಕುತ್ತಿದ್ದರು. ನಮಗೆ ಆ ಬಿಡುವಿಲ್ಲ. ಮರುಕ್ಷಣವೇ ಜಾರ್ಜ್ ಹ್ಯಾರಿಸನ್ ಅವರ ‘ಹಿಯರ್ ಕಮ್ಸ್ ದಿ ಸನ್’ ಶುರು. ಸೂರ್ಯ ಬಂದ ಎಂದು ಆತ ಹಾಡುವಾಗ ಹೊರಗೆ ಶಿರಸಿಯ ಆಷಾಢ. ನಗು ಬಂದರೂ ಹಾಡು ಕೆಡಲಿಲ್ಲ.

ಹೊಗಳಿಕೆ ಕೇಳಿ ಹೋಗಿ ಸೋತದ್ದೂ ಉಂಟು. ಅಮೆರಿಕದ ರಾಕ್ ಗಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್ ಅವರ 1969ರ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ದಲ್ಲಿ 28 ರಚನೆಗಳಿವೆ, ಬಲ್ಲವರು ಕೊಂಡಾಡುತ್ತಾರೆ, ಅವರಿಗೇ ಇರಲಿ. ‘ಸಾರ್ಜೆಂಟ್ ಪೆಪ್ಪರ್ಸ್’ ಮೇಲೆ ಗೌರವವಿದೆ, ಮತ್ತೆ ಹಾಕಬೇಕೆನಿಸುವುದಿಲ್ಲ.

ಈಗ ಆ್ಯಪ್‌ನ ಮೇಲಿನ ದೊಡ್ಡ ದೂರು. ಇಂಗ್ಲಿಷ್ ಆಲ್ಬಮ್‌ಗಳಿಗೆ ಬಾಸ್ ನುಡಿಸಿದವರ ಹೆಸರೂ ಸಿಗುತ್ತದೆ. ಹಿಂದೂಸ್ತಾನಿ ಮುದ್ರಿಕೆಗಳಲ್ಲಿ ತಬಲಾದವರು ಯಾರು, ಹಾರ್ಮೋನಿಯಂ ಯಾರದು ಎಂಬುದು ಎಷ್ಟೋ ಕಡೆ ಇಲ್ಲ. ರಾಗದ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು. ಕನ್ನಡದ ಅವಸ್ಥೆ ಇನ್ನೂ ಕಷ್ಟ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಕೊಟ್ಟ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಶಾಲೆಯ ರಾಜ್ಯೋತ್ಸವದಲ್ಲಿ ಶೀರ್ಷಿಕೆ ಗೀತೆಯನ್ನು ಹಾಡಿ ಹಾಡಿ ಬೇಸತ್ತವನು, ಕ್ಯಾಸೆಟ್ಟಿನ ಕ್ರಮದಲ್ಲಿ ಇಡಿಯಾಗಿ ಕೇಳೋಣವೆಂದು ಹುಡುಕಿದೆ. ನನಗೆ ಸಿಕ್ಕಿದ್ದು ಬೇರೆ ಬೇರೆ ಸಂಗ್ರಹಗಳಲ್ಲಿ ಚೆಲ್ಲಾಪಿಲ್ಲಿಯಾದ ಬಿಡಿ ಹಾಡುಗಳು. ನ್ಯೂಯಾರ್ಕಿನಲ್ಲಿ ಟೇಪ್ ನಿಧಾನ ಓಡಿದ್ದೂ ದಾಖಲಾಗಿರುವಾಗ ನಮ್ಮ ಕ್ಯಾಸೆಟ್ಟಿನ ಎ ಬದಿಯಲ್ಲಿ ಮೊದಲು ಯಾವ ಹಾಡಿತ್ತು ಎಂಬುದಾದರೂ ಸಿಗಬಾರದೇ?

ಇನ್ನೊಂದು. ಡೌನ್‌ಲೋಡ್ ಮಾಡಿದ್ದು ನಮ್ಮದು ಎಂಬ ಭ್ರಮೆ ಬೇಡ. ತಿಂಗಳಿಗೊಮ್ಮೆಯಾದರೂ ಆ್ಯಪ್ ಅಂತರ್ಜಾಲ ಮುಟ್ಟಿ ಚಂದಾ ಜೀವಂತವಿದೆಯೇ ಎಂದು ನೋಡಿಕೊಳ್ಳುತ್ತದೆ, ಇಲ್ಲವಾದರೆ ಹಾಡುಗಳಿಗೆ ಬೀಗ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕೇಬಲ್ ಹರಿದು, ಟವರಿಗೂ ಕರೆಂಟಿಲ್ಲದ ದಿನಗಳಲ್ಲಿ ಈ ಬೀಗ ಬಿದ್ದರೆ ಬೆಟ್ಟ ಹತ್ತಿ ಸಿಗ್ನಲ್ ಹುಡುಕಬೇಕು. ಜೂನ್ ಮೊದಲಿಗೇ ಒಮ್ಮೆ ಆ್ಯಪ್ ತೆರೆದು ಎಲ್ಲ ಸರಿಯಿದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಇಯರ್‌ಫೋನ್ ಬಗ್ಗೆ: ಬಸ್ಸು ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಸದ್ದು ಬಾಸನ್ನು, ಅಂದರೆ ತಗ್ಗಿನ ಸ್ವರಗಳನ್ನು, ನುಂಗಿಹಾಕುತ್ತದೆ. ಕಿವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ತುದಿಯ, ಸಾಧಾರಣ ಬೆಲೆಯ ವೈರಿನದೇ ಸಾಕು. ಮೆತ್ತನೆಯ ಸ್ಪಂಜಿನ ದೊಡ್ಡ ಹೆಡ್‌ಫೋನ್ ಮಲೆನಾಡಿಗೆ ತರಬೇಡಿ, ಶ್ರಾವಣದೊಳಗೆ ಬೂಷ್ಟು ಹಿಡಿಯುತ್ತದೆ.

ಚಂದಾ ಈ ಬಾರಿ ವರ್ಷಕ್ಕೇ ನವೀಕರಿಸಿದ್ದೇನೆ. ಮನೆಮಂದಿಗೆಲ್ಲ ಸೇರಿಸಿ ಕೊಡುವ ಯೋಜನೆ ತೆಗೆದುಕೊಳ್ಳಲಿಲ್ಲ. ಅಪ್ಪಯ್ಯ ಮತ್ತು ಆಯಿಗೆ ಬೇಕಾದ ತಾಳಮದ್ದಳೆ ಬೇರೆಡೆ ಪುಕ್ಕಟೆ ಸಿಗುತ್ತದೆ, ಅದೂ ಶಫಲ್ ಆಗದೆ.